ಕುದುರೆ ಕಲಿಸುವ ಪಾಠಕ್ಕೆ ಕಾಲಾವಕಾಶ ಬೇಕು

ನಮ್ಮ ಸಂಘದ ಯುಗಾದಿ, ರಾಜ್ಯೋತ್ಸವ ಸಮಾರಂಭಗಳಲ್ಲಿ ದೀಪ ಬೆಳಗುವ ಮುನ್ನ ಈ ನೆಲದ ಪಾರಂಪರಿಕ ಒಡೆಯರನ್ನು ಗೌರವದಿಂದ ಸ್ಮರಿಸುವ ಪದ್ಧತಿಯಿದೆ. ಆ ಎರಡು ವಾಕ್ಯಗಳ ಆಚೆಗೆ ಮೂಲನಿವಾಸಿಗಳ ಬದುಕಿನ ಕುರಿತು ನಮ್ಮಲ್ಲಿ ಮಾತು ಮುಂದುವರಿಯುವುದು ಅಪರೂಪ. ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿಯ ಕಿಂಬರ್ಲಿ ಪ್ರದೇಶದಲ್ಲಿ ರೂಪುಗೊಂಡ ಒಂದು ಪ್ರಯತ್ನ ಆ ಮಾತನ್ನು ಮುಂದುವರಿಸಲು ತಕ್ಕುದೆಂದು ನಾವು ಭಾವಿಸುತ್ತೇವೆ. ಅಲ್ಲಿ ಅಬಾರಿಜಿನಲ್ ಮಕ್ಕಳ ಮತ್ತು ಯುವಜನರ ಮನಸ್ಸಿನ ಆರೋಗ್ಯಕ್ಕೆ ಕುದುರೆಗಳ ನೆರವನ್ನು ಪಡೆಯಲಾಗಿದೆ.

ಇದರ ಅಗತ್ಯವೇನೆಂಬುದನ್ನು ಮೊದಲು ಹೇಳಬೇಕು. ಕಿಂಬರ್ಲಿಯ 13 ಅಬಾರಿಜಿನಲ್ ಮಕ್ಕಳು ಹಾಗೂ ಯುವಜನರ ಸಾವಿನ ಕುರಿತು ರಾಜ್ಯದ ಕರೋನರ್ 2019ರ ಫೆಬ್ರವರಿಯಲ್ಲಿ ವರದಿ ನೀಡಿದರು. ಅವುಗಳಲ್ಲಿ ಬಹುಪಾಲು ಆತ್ಮಹತ್ಯೆಗಳು. ಮೃತರಲ್ಲಿ ಐವರು 10ರಿಂದ 13 ವರ್ಷದವರು. ತಲೆಮಾರುಗಳಿಂದ ಇಳಿದುಬಂದ ಆಘಾತದ ಭಾರವನ್ನು ಆ ವರದಿ ಎತ್ತಿ ತೋರಿಸಿತು. ನೆಲ ಕಳೆದುಕೊಂಡವರ, ಸರ್ಕಾರದ ಆದೇಶದಂತೆ ತಾಯ್ತಂದೆಯರಿಂದ ಬೇರ್ಪಡಿಸಲ್ಪಟ್ಟವರ ನೋವು ಮೊಮ್ಮಕ್ಕಳವರೆಗೂ ಹರಿದು ಬರುತ್ತದೆ.

ಇಂತಹ ನೋವಿಗೆ ನಮ್ಮ ವೈದ್ಯಕೀಯ ಪದ್ಧತಿ ನೀಡುವ ಉತ್ತರವೆಂದರೆ ಒಂದು ಕೋಣೆ, ಎದುರುಬದುರು ಎರಡು ಕುರ್ಚಿ ಮತ್ತು ಸಾಲು ಪ್ರಶ್ನೆಗಳು. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು ಅನೇಕ ಅಬಾರಿಜಿನಲ್ ಸಮುದಾಯಗಳಲ್ಲಿ ಅಗೌರವವೆನಿಸುತ್ತದೆ. ನಮ್ಮ ಊರುಗಳಲ್ಲಿಯೂ ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಮರ್ಯಾದೆಯಾಗಿತ್ತಲ್ಲವೇ? ಅದನ್ನರಿಯದ ವೈದ್ಯರು ಆ ಮೌನವನ್ನು ಅಸಹಕಾರವೆಂದೋ ರೋಗಲಕ್ಷಣವೆಂದೋ ಬರೆದುಕೊಳ್ಳುವ ಅಪಾಯವಿದೆ.

ಕುದುರೆಯ ಮುಂದೆ ಮಾತಿನ ಹಂಗಿಲ್ಲ. ಬೇಟೆಗೆ ಬಲಿಯಾಗುವ ಪ್ರಾಣಿಯಾದುದರಿಂದ ಸುತ್ತಲಿನವರ ನಿಲುವು, ನಡಿಗೆ, ದನಿಗಳನ್ನು ಅದು ಸೂಕ್ಷ್ಮವಾಗಿ ಗಮನಿಸುತ್ತದೆ. ಸಿಡುಕಿನಿಂದ ನುಗ್ಗಿದರೆ ಕಿವಿಯನ್ನು ಹಿಂದಕ್ಕೆ ಮಡಚಿ ದೂರ ಸರಿಯುತ್ತದೆ; ಶಾಂತವಾಗಿ ನಿಂತರೆ ತಲೆ ಇಳಿಸಿ ಹತ್ತಿರ ಬರುತ್ತದೆ. ತನ್ನೊಳಗಿನ ತಳಮಳವನ್ನು ಗುರುತಿಸಿ ಹತೋಟಿಗೆ ತರುವುದನ್ನು ಬಾಲಕನು ಉಪದೇಶವಿಲ್ಲದೆ ಅಲ್ಲಿಯೇ ಕಲಿಯುತ್ತಾನೆ. ಆತ ಶಾಲೆ ಬಿಟ್ಟವನೇ, ಪೊಲೀಸರ ಕೈಗೆ ಸಿಕ್ಕವನೇ ಎಂಬುದು ಕುದುರೆಗೆ ಬೇಕಿಲ್ಲ.

ಬ್ರೂಮ್ ಪಟ್ಟಣದಲ್ಲಿ ಆರಂಭವಾದ ಈ ಕಾರ್ಯಕ್ರಮದ ಹೆಸರು ಯವರ್ದಾನಿ ಜಾನ್‌ಗಾ. ಯಾವುರು ಭಾಷೆಯಲ್ಲಿ ಇದರರ್ಥ ಕುದುರೆಗಳ ನೆರವು. ಇದನ್ನು ಮುನ್ನಡೆಸಿದವರು ಅಬಾರಿಜಿನಲ್ ಸಂಶೋಧಕಿ ಪ್ರೊಫೆಸರ್ ಜೂಲಿ ಕಾಫಿನ್. ಸವಾರಿ ಕಲಿಸುವುದು ಇದರ ಗುರಿಯಲ್ಲ. ನೆಲದ ಮೇಲೆ ನಿಂತು ಕುದುರೆಯೊಡನೆ ಬಾಂಧವ್ಯ ಬೆಳೆಸಿಕೊಳ್ಳುವುದೇ ಇಲ್ಲಿನ ಕಲಿಕೆ.

ಕುದುರೆ ಈ ನೆಲದ ಮೂಲಪ್ರಾಣಿಯಲ್ಲ. 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳೊಡನೆ ಬಂದುದು. ಮೂಲನಿವಾಸಿಗಳನ್ನು ಬೆನ್ನಟ್ಟಿದ ಪೊಲೀಸರೂ ಕುದುರೆಯ ಮೇಲೆಯೇ ಬಂದರು. ಆದರೆ ಉತ್ತರದ ವಿಶಾಲ ದನದ ಸ್ಟೇಷನ್‌ಗಳನ್ನು ಕಟ್ಟಿ ನಿಲ್ಲಿಸಿದವರು ಅಬಾರಿಜಿನಲ್ ಕುದುರೆ ಸವಾರರು. ಎಷ್ಟೋ ಕಾಲ ಅವರಿಗೆ ದೊರೆತ ಕೂಲಿ ಹಿಟ್ಟು, ಸಕ್ಕರೆ, ಚಹಾ ಮತ್ತು ತಂಬಾಕು. ಸಮಾನ ವೇತನದ ತೀರ್ಪು 1966ರಲ್ಲಿ ಬಂದು 1968ರ ಡಿಸೆಂಬರ್‌ನಲ್ಲಿ ಜಾರಿಯಾದಾಗ, ಕೂಲಿ ಕೊಡಲೊಲ್ಲದ ಮಾಲೀಕರು ಅನೇಕ ಕುಟುಂಬಗಳನ್ನು ಹೊರಗಟ್ಟಿದರು. ಹೀಗೆ ಕುದುರೆಯ ನೆನಪಿನಲ್ಲಿ ಅವಮಾನವೂ ಇದೆ, ಅಜ್ಜಂದಿರ ಕೌಶಲದ ಹೆಮ್ಮೆಯೂ ಇದೆ. ಆ ಹೆಮ್ಮೆ ಮೊಮ್ಮಕ್ಕಳಿಗೆ ಮರಳಿ ದೊರೆಯುವುದೂ ಚಿಕಿತ್ಸೆಯ ಭಾಗವೆಂದೇ ನಮ್ಮ ಅಭಿಪ್ರಾಯ.

ಕುದುರೆ ಸಾಕುವ ಹಣದಲ್ಲಿ ಇನ್ನಷ್ಟು ಮನೋವೈದ್ಯರನ್ನು ನೇಮಿಸಬಾರದೇ ಎಂಬ ಪ್ರಶ್ನೆ ಸಹಜ. ಕುದುರೆಯ ನೆರವಿನ ಕುರಿತ ಅಧ್ಯಯನಗಳು ಬಹುತೇಕ ಸಣ್ಣ ಗುಂಪುಗಳಲ್ಲಿ ನಡೆದಿವೆ ಎಂಬುದೂ ನಿಜ. ತೀವ್ರ ಖಿನ್ನತೆಗೆ ಇದು ಔಷಧೋಪಚಾರದ ಬದಲಿಯಲ್ಲ; ವೈದ್ಯರೂ ಬೇಕು. ಆದರೆ ವೈದ್ಯರ ಬಾಗಿಲಿಗೆ ಬಾರದ ಮಗು ಕುದುರೆಯ ಬಳಿಗೆ ಬರುವುದಾದರೆ, ಆ ದಾರಿಯನ್ನು ತೆರೆದಿಡುವುದೇ ವಿವೇಕ.

ನಮ್ಮ ನಿಜವಾದ ಆತಂಕವಿರುವುದು ಕಾಲಾವಧಿಯ ಬಗ್ಗೆ. ಇಂತಹ ಕಾರ್ಯಗಳಿಗೆ ಅನುದಾನ ಬರುವುದು ಎರಡೋ ಮೂರೋ ವರ್ಷಗಳ ಲೆಕ್ಕದಲ್ಲಿ. ನಂಬಿಕೆ ಬೇರೂರುವ ಹೊತ್ತಿಗೆ ಯೋಜನೆ ಮುಗಿದರೆ, ಈ ಮೊದಲೇ ಹಲವರು ಬಿಟ್ಟುಹೋದ ಮಗುವನ್ನು ಮತ್ತೊಮ್ಮೆ ಕೈಬಿಟ್ಟಂತೆ. ಅರ್ಧಕ್ಕೆ ನಿಂತ ನೆರವು ನೆರವಿಲ್ಲದಿರುವುದಕ್ಕಿಂತಲೂ ಹೆಚ್ಚು ನೋಯಿಸಬಹುದು.

ಆದುದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ಸಂಘದ ವಾರ್ಷಿಕ ದೇಣಿಗೆಯಲ್ಲಿ ಒಂದು ಪಾಲನ್ನು ಮೂಲನಿವಾಸಿ ಮಕ್ಕಳ ಆರೋಗ್ಯಕ್ಕೆ ಮೀಸಲಿಡೋಣ. ಒಂದು ವರ್ಷಕ್ಕಲ್ಲ, ಕನಿಷ್ಠ ಐದು ವರ್ಷಗಳಿಗೆ. ಕೊಡುವ ಮುನ್ನ ಮೂರು ವಿಷಯಗಳನ್ನು ವಿಚಾರಿಸೋಣ: ತೀರ್ಮಾನ ಕೈಗೊಳ್ಳುವವರು ಆ ಸಮುದಾಯದವರೇ? ಸ್ಥಳೀಯ ಯುವಜನರಿಗೆ ಅಲ್ಲಿ ತರಬೇತಿಯೂ ಉದ್ಯೋಗವೂ ಇದೆಯೇ? ಅನುದಾನ ಮುಗಿದ ಮೇಲೆ ಮಕ್ಕಳ ಗತಿಯೇನು? ಚುನಾವಣೆಯ ಹೊತ್ತಿನಲ್ಲಿ ನಮ್ಮ ಮತ ಕೇಳಿ ಬರುವ ಅಭ್ಯರ್ಥಿಗಳ ಮುಂದೆಯೂ ಈ ಮೂರನೆಯ ಪ್ರಶ್ನೆಯನ್ನು ಇಡೋಣ.

ಈ ಬರಹ ಯಾರಿಗಾದರೂ ಮನಸ್ಸನ್ನು ಕಲಕಿದ್ದರೆ ಲೈಫ್‌ಲೈನ್ 13 11 14 ಸಂಖ್ಯೆಗೆ ಕರೆ ಮಾಡಬಹುದು. ಮೂಲನಿವಾಸಿಗಳಿಗಾಗಿಯೇ ಇರುವ 13 ಯಾರ್ನ್ ಸಹಾಯವಾಣಿಯ ಸಂಖ್ಯೆ 13 92 76.