ಹೆಚ್ಚಾದ ಬೆಳಕಿನ ಲೆಕ್ಕ

ನಡುಹಗಲಿನ ಬಿಸಿಲಿಗೆ ಮೈಯೊಡ್ಡಿದ ಎಲೆ, ತಾನು ಹೀರಿಕೊಂಡ ಬೆಳಕಿನಲ್ಲಿ ದೊಡ್ಡ ಪಾಲನ್ನು ಶಾಖವಾಗಿ ಹೊರಚೆಲ್ಲುತ್ತದೆ. ಚೆಲ್ಲದೆ ಬೇರೆ ದಾರಿಯಿಲ್ಲ. ಬಳಸಲಾಗದಷ್ಟು ಬೆಳಕು ಒಳಗೆ ಉಳಿದರೆ ಆಮ್ಲಜನಕದ ಉಗ್ರರೂಪಗಳು ಹುಟ್ಟಿ, ದ್ಯುತಿಸಂಶ್ಲೇಷಣೆ ನಡೆಸುವ ಪ್ರೋಟೀನುಗಳನ್ನೇ ಹಾಳುಮಾಡುತ್ತವೆ. ನೀರಿನ ಕೊರತೆಯಾದಾಗ ಎಲೆಯ ರಂಧ್ರಗಳು ಮುಚ್ಚಿ ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಿಮೆಯಾಗುತ್ತದೆ. ಆಗ ನಿನ್ನೆಯವರೆಗೆ ಹಿತವಾಗಿದ್ದ ಬಿಸಿಲೂ ಹೆಚ್ಚಾಗಿಬಿಡುತ್ತದೆ.

ಈ ಆತ್ಮರಕ್ಷಣೆಯ ಗುಟ್ಟನ್ನು ಬಿಡಿಸಿದವರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕೃಷ್ಣ ನಿಯೋಗಿ ಪ್ರಮುಖರು. ಅವರು ಕೆಲಸ ಶುರುಮಾಡಿದ್ದು ಹೊಲದಲ್ಲಲ್ಲ, ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯಲ್ಲಿ. ಅವರ ವಿಧಾನ ಇದು: ಪಾಚಿಯ ಸಾವಿರಾರು ರೂಪಾಂತರಿಗಳ ಮೇಲೆ ತೀವ್ರ ಬೆಳಕು ಬಿಟ್ಟು, ಪತ್ರಹರಿತ್ತು ಹೊಮ್ಮಿಸುವ ಮಂದ ಕೆಂಪು ಹೊಳಪನ್ನು ಕ್ಯಾಮೆರಾದಲ್ಲಿ ಹಿಡಿಯುವುದು. ಬೆಳಕು ಚೆಲ್ಲಲು ಬಾರದ ವಸಾಹತುಗಳನ್ನು ಆ ಹೊಳಪಿನಿಂದಲೇ ಗುರುತಿಸುವುದು. 1990ರ ದಶಕದ ಕೊನೆಯ ಹೊತ್ತಿಗೆ ಪಾಚಿಯಿಂದ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡಕ್ಕೂ ಈ ಹುಡುಕಾಟ ಹಬ್ಬಿತು. ಬಿಸಿಲೇರಿದಾಗ ವಯೋಲಾಝ್ಯಾಂಥಿನ್ ಎಂಬ ವರ್ಣದ್ರವ್ಯ ಝಿಯಾಝ್ಯಾಂಥಿನ್ ಆಗಿ ಬದಲಾಗುವುದು ಈ ರಕ್ಷಣೆಗೆ ಎಷ್ಟು ಮುಖ್ಯವೆಂದು ರೂಪಾಂತರಿಗಳು ತೋರಿಸಿಕೊಟ್ಟವು. 2000ದಲ್ಲಿ ಪಿಎಸ್‌ಬಿಎಸ್ ಎಂಬ ಪ್ರೋಟೀನು ಇಲ್ಲದ ಗಿಡಕ್ಕೆ ಬೆಳಕನ್ನು ಬೇಗನೆ ಚೆಲ್ಲಲು ಬರುವುದಿಲ್ಲವೆಂಬುದೂ ಹೊರಬಿತ್ತು.

ತೊಡಕಿರುವುದು ರಕ್ಷಣೆ ಮುಗಿಯಬೇಕಾದ ಗಳಿಗೆಯಲ್ಲಿ. ಮೋಡ ಕವಿದರೂ, ಮೇಲಿನ ಎಲೆಯ ನೆರಳು ಬಿದ್ದರೂ ಎಲೆ ತಕ್ಷಣ ಎಚ್ಚೆತ್ತುಕೊಳ್ಳುವುದಿಲ್ಲ. ಕೆರೆಯ ನೀರು ತಗ್ಗಿದ ಮೇಲೂ ಕೋಡಿ ಹರಿಯುತ್ತಲೇ ಇದ್ದಂತೆ, ಹಲವು ನಿಮಿಷ ಬೆಳಕು ಪೋಲಾಗುತ್ತದೆ. ನಿಯೋಗಿ ಮತ್ತು ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಅವರ ತಂಡಗಳು ಅರಬಿಡಾಪ್ಸಿಸ್‌ನ ಮೂರು ವಂಶವಾಹಿಗಳನ್ನು ತಂಬಾಕಿಗೆ ಸೇರಿಸಿ ಈ ಚೇತರಿಕೆಯನ್ನು ಚುರುಕುಗೊಳಿಸಿದವು. 2016ರಲ್ಲಿ ಪ್ರಕಟವಾದ ಕ್ಷೇತ್ರಪ್ರಯೋಗದಲ್ಲಿ ಗಿಡಗಳ ಒಣತೂಕ ಶೇ. 14ರಿಂದ 20ರಷ್ಟು ಹೆಚ್ಚಿತ್ತು. 2022ರಲ್ಲಿ ಸೋಯಾ ಅವರೆಯ ಫಲಿತಾಂಶ ಬಂತು: ಒಂದು ಹಂಗಾಮಿನಲ್ಲಿ ಐದು ತಳಿಗಳ ಇಳುವರಿ ಸರಾಸರಿ ಶೇ. 24.5 ಏರಿತ್ತು.

ಸುದ್ದಿ ಹರಡಿದ ವೇಗದಲ್ಲಿ ಹಿನ್ನಡೆಗಳು ಹರಡಲಿಲ್ಲ. ಆ ಪ್ರಯೋಗದ ಮರುವರ್ಷದ ಹಂಗಾಮಿನಲ್ಲಿ ಬಿರುಗಾಳಿಗೆ ಸೋಯಾ ಬೆಳೆ ನೆಲಕಚ್ಚಿ ಆ ಲಾಭ ಕಾಣಲಿಲ್ಲ. ಇದೇ ಉಪಾಯವನ್ನು ಬೇರೆ ತಂಡಗಳು ಅರಬಿಡಾಪ್ಸಿಸ್ ಮತ್ತು ಆಲೂಗಡ್ಡೆಯಲ್ಲಿ ಹೂಡಿದಾಗ ಬೆಳವಣಿಗೆ ಹೆಚ್ಚುವ ಬದಲು ಕುಗ್ಗಿತು. ಈ ಸೋಲುಗಳನ್ನೂ ಗೆಲುವಿನ ಪಕ್ಕದಲ್ಲೇ ಅಚ್ಚುಹಾಕುವುದು ವಿಜ್ಞಾನ ಬರೆಯುವ ಎಲ್ಲ ಪತ್ರಿಕೆಗಳ ಹೊಣೆ.

ಪಾಚಿಯನ್ನು ನಿಯೋಗಿ ಇಂದಿಗೂ ಕೈಬಿಟ್ಟಿಲ್ಲ. ಸಬೀಹಾ ಮರ್ಚೆಂಟ್ ಮೊದಲಾದ ವಿಜ್ಞಾನಿಗಳೊಂದಿಗೆ ಕ್ರೊಮೊಕ್ಲೋರಿಸ್ ಜೋಫಿಂಜಿಯೆನ್ಸಿಸ್ ಎಂಬ ಹಸಿರು ಪಾಚಿಯ ಜೀನೋಮನ್ನು ಅವರು 2017ರಲ್ಲಿ ಪ್ರಕಟಿಸಿದರು. ಈ ಪಾಚಿಗೆ ಗ್ಲೂಕೋಸ್ ಉಣಿಸಿದರೆ ಬೆಳಕಿನಲ್ಲಿದ್ದರೂ ದ್ಯುತಿಸಂಶ್ಲೇಷಣೆಯನ್ನೇ ನಿಲ್ಲಿಸಿ, ಮೈತುಂಬ ಎಣ್ಣೆಯನ್ನೂ ಅಸ್ಟಾಝ್ಯಾಂಥಿನ್ ಎಂಬ ಕೆಂಪು ವರ್ಣದ್ರವ್ಯವನ್ನೂ ಕೂಡಿಡುತ್ತದೆ. ಗ್ಲೂಕೋಸ್ ತೆಗೆದರೆ ಮತ್ತೆ ಹಸಿರಾಗುತ್ತದೆ. ಸಾಕಿದ ಸಾಲ್ಮನ್ ಮೀನಿನ ಮೇವಿಗೆ ಬಣ್ಣಕ್ಕಾಗಿ ಬೆರೆಸುವುದು ಈ ಅಸ್ಟಾಝ್ಯಾಂಥಿನ್ನನ್ನೇ. ಒಂದೇ ಜೀವಿ ಬೆಳಕಿನ ದುಡಿಮೆಯನ್ನು ಯಾವಾಗ ಬಿಡುತ್ತದೆ, ಯಾವಾಗ ಮತ್ತೆ ಹಿಡಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಿಗುವುದು ಅಪರೂಪ.

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಬೆಳೆಯುವುದು ಮುಂಗಾರಿನಲ್ಲಿ, ಬಿಸಿಲು ಮೋಡ ಕಣ್ಣುಮುಚ್ಚಾಲೆಯಾಡುವ ದಿನಗಳಲ್ಲಿ. ಎಲೆಯ ಚೇತರಿಕೆಯ ವೇಗಕ್ಕೆ ಬೆಲೆ ಬರಬಹುದಾದ ಆಕಾಶವಿದು. ಆದರೆ ಭಾರತದಲ್ಲಿ ಕುಲಾಂತರಿ ಸೋಯಾ ಬಿತ್ತನೆಗೆ ಅನುಮತಿಯಿಲ್ಲ. ನಿಯೋಗಿಯವರ ತಂಡ 2024ರಲ್ಲಿ ಭತ್ತದಲ್ಲಿ ಬೇರೆ ದಾರಿ ತುಳಿದಿದೆ: ಹೊರಗಿನ ವಂಶವಾಹಿ ಉಳಿಸದೆ, ಗಿಡದ ಸ್ವಂತ ಪಿಎಸ್‌ಬಿಎಸ್ ವಂಶವಾಹಿಯ ನಿಯಂತ್ರಣ ಭಾಗವನ್ನೇ ತಿದ್ದಿ ಪ್ರೋಟೀನಿನ ಪ್ರಮಾಣವನ್ನು ಹೆಚ್ಚಿಸಿದೆ. ಹೀಗೆ ತಿದ್ದಿದ ತಳಿಗಳು ಮಳೆಯಾಶ್ರಿತ ಹೊಲದಲ್ಲಿ, ಒಂದಲ್ಲ ಹಲವು ಹಂಗಾಮು, ಸ್ಥಳೀಯ ತಳಿಗಳ ಪಕ್ಕದಲ್ಲೇ ಬೆಳೆದು ತೋರಬೇಕು. ರೈತರಿಗೆ ಇಳುವರಿಯ ಅಂಕಿ ಹೇಳುವುದು ಅದಾದ ಮೇಲೆ.