ಪರದೆ ಎಳೆಯುವವರ ಪಾಲು

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಂಥ ಕಾಫಿ ಸೀಮೆಯಲ್ಲಿ ಪೌರಾಣಿಕ ನಾಟಕಕ್ಕೆ ಬಿಡುವು ಸಿಗುವುದು ಕೊಯ್ಲಿನ ಒತ್ತಡ ಇಳಿದ ಮೇಲೆ. ಶಿವರಾತ್ರಿ, ಯುಗಾದಿ, ಊರಹಬ್ಬಗಳ ನೆಪದಲ್ಲಿ ಕುರುಕ್ಷೇತ್ರ, ದಾನಶೂರ ಕರ್ಣ, ದಕ್ಷಯಜ್ಞ ರಂಗಕ್ಕೇರುತ್ತವೆ. ಹಾಸನ, ಮಂಡ್ಯ, ತುಮಕೂರು ಕಡೆಯ ಈ ನಾಟಕಗಳಲ್ಲಿ ದುರ್ಯೋಧನ, ಭೀಮ, ಕೃಷ್ಣರಾಗುವವರು ಊರಿನವರೇ. ಪಾತ್ರಕ್ಕೆ ಇಂತಿಷ್ಟು ಎಂದು ತಾವೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಒಂದು ರಾತ್ರಿ ಬಣ್ಣ ಹಚ್ಚಿ, ಬೆಳಿಗ್ಗೆ ತೋಟಕ್ಕೋ ಅಂಗಡಿಗೋ ಹೋಗುತ್ತಾರೆ. ಹೊಟ್ಟೆಪಾಡಿಗೆ ರಂಗವನ್ನೇ ನಂಬಿದವರು ಅಲ್ಲಿ ಬೇರೆ: ಮೇಷ್ಟ್ರು, ಹೊರಗಿನಿಂದ ಬರುವ ನಟಿಯರು, ಮೇಕಪ್ಪಿನವರು ಮತ್ತು ರಂಗದ ಪರದೆ ಕಟ್ಟಿ ಎಳೆಯುವ ಸೀನರಿಯವರು. ಇವರಲ್ಲಿ ಸೀನರಿಯವರ ದುಡಿಮೆಯನ್ನು ಕಲೆ ಎಂದು ಎಣಿಸಬೇಕೇ, ಶಾಮಿಯಾನ, ಕುರ್ಚಿಗಳಂತೆ ಬಾಡಿಗೆಯ ಲೆಕ್ಕಕ್ಕೆ ಬರೆದು ಮುಗಿಸಬೇಕೇ ಎಂಬ ಪ್ರಶ್ನೆಗೆ ಅವರ ಕೆಲಸದಲ್ಲೂ ಸಂಸಾರದಲ್ಲೂ ಉತ್ತರ ಹುಡುಕಬೇಕಾಗುತ್ತದೆ.

ನಾಟಕ ರಾತ್ರಿಯದಾದರೂ ಅವರ ಕೆಲಸ ಹಗಲಿನಲ್ಲೇ ಶುರು. ದೇವಸ್ಥಾನದ ಮುಂದಿನ ಬಯಲಿಗೋ ಶಾಲೆಯ ಮೈದಾನಕ್ಕೋ ಟೆಂಪೊ ಬರುತ್ತದೆ. ಕಂಬ ನಿಲ್ಲಿಸಿ, ಅಡ್ಡ ಕಟ್ಟಿ, ಎರಡೂ ಬದಿಗೆ ಸೈಡ್ ವಿಂಗ್ ಹೂಡುತ್ತಾರೆ. ಬೀದಿ, ಉದ್ಯಾನ, ಕಾಡು, ಅರಮನೆ, ದರ್ಬಾರು ಹೀಗೆ ಪರದೆಗಳು ಒಂದರ ಹಿಂದೆ ಒಂದು ಏರುತ್ತವೆ. ಒಂದೊಂದರ ತಳದಲ್ಲೂ ಉದ್ದನೆಯ ಗಳು. ಬದಿಯಲ್ಲಿ ನಿಂತವರು ಹಗ್ಗ ಜಗ್ಗಿದರೆ ಗಳು ತಿರುಗುತ್ತ ಪರದೆಯನ್ನು ಸುತ್ತಿಕೊಂಡು ಮೇಲೇರಬೇಕು. ಒಂದು ಕಡೆಯ ಹಗ್ಗ ಗೇಣುದ್ದ ಹೆಚ್ಚು ಬಂದರೂ ಗಳು ಓರೆಯಾಗಿ, ಪರದೆ ಸುಕ್ಕುಗಟ್ಟಿ, ಅರಮನೆ ಅರ್ಧದಲ್ಲೇ ನಿಲ್ಲುತ್ತದೆ. ದುರ್ಯೋಧನನ ಕಂದಪದ್ಯದ ಕೊನೆಯ ಆಲಾಪ ಎಲ್ಲಿ ಮುಗಿಯುತ್ತದೆ, ಆತ ಜನರ ಒನ್ಸ್‌ಮೋರಿಗೆ ಮತ್ತೆ ಹಾಡುತ್ತಾನೋ ಇಲ್ಲವೋ ಎಂಬುದು ಹಗ್ಗ ಹಿಡಿದವನಿಗೆ ಮೊದಲೇ ಅಂದಾಜಿರಬೇಕು. ಅದಕ್ಕೆ ಪಾಠವಿಲ್ಲ, ನೂರಾರು ರಾತ್ರಿ ಬದಿಯಲ್ಲಿ ನಿಂತು ಕೇಳಿದ ಕಿವಿಯೇ ಗುರು.

ಇದನ್ನು ಬರೀ ಮೈಕೆಲಸ ಎನ್ನಲಾಗದು. ವೃತ್ತಿ ಕಂಪನಿಗಳ ನಾಟಕಗಳ ರಚನೆಯೇ ಪರದೆ ಎಳೆಯುವವರ ಅನುಕೂಲ ನೋಡಿ ಬೆಳೆದದ್ದು. ದರ್ಬಾರಿನ ದೃಶ್ಯಕ್ಕೆ ರಂಗದ ಆಳವೆಲ್ಲ ಬೇಕು. ಸಿಂಹಾಸನ, ಕಂಬ, ಮೆಟ್ಟಿಲು ಜೋಡಿಸಲು ಹೊತ್ತೂ ಬೇಕು. ಆದ್ದರಿಂದ ಅದಕ್ಕೆ ಮೊದಲು ಮುಂದಿನ ಬೀದಿ ಪರದೆ ಇಳಿಸಿ, ಅದರೆದುರು ಹಾಸ್ಯವನ್ನೋ ದೂತರ ಮಾತುಕತೆಯನ್ನೋ ಆಡಿಸುತ್ತಿದ್ದರು. ಅಷ್ಟರಲ್ಲಿ ಹಿಂದೆ ಸದ್ದಿಲ್ಲದೆ ಹಸ್ತಿನಾವತಿ ಸಿದ್ಧವಾಗುತ್ತಿತ್ತು. ಆಳದ ದೃಶ್ಯವಾದ ಮೇಲೆ ಮುಂದಿನ ಪರದೆಯ ದೃಶ್ಯ, ಮತ್ತೆ ಆಳದ್ದು ಎಂಬ ಈ ಸರದಿಯನ್ನು ಗಮನಿಸದೆ ಆ ಕಾಲದ ನಾಟಕಗಳ ರಚನೆಯನ್ನು ವಿಮರ್ಶಿಸಿದರೆ ವಿಮರ್ಶೆ ಅರ್ಧವೇ. ಕಥೆಗೆ ಅಂಟದ ಹಾಸ್ಯ ಎಂದು ಓದುಗರು ಬೇಸರಪಡುವ ಎಷ್ಟೋ ಭಾಗಗಳು ರಂಗದ ಮೇಲೆ ಈ ಕೆಲಸಕ್ಕೆ ಬಿಡುವು ಒದಗಿಸುತ್ತಿದ್ದವು.

ಹಳಬರು ಈ ದುಡಿಮೆಯನ್ನು ಕಡೆಗಣಿಸಿರಲಿಲ್ಲ. ಭರತನ ನಾಟ್ಯಶಾಸ್ತ್ರ ತಂಡದ ಸದಸ್ಯರನ್ನು ಹೆಸರಿಸುವಾಗ ಸೂತ್ರಧಾರ, ನಟರ ಸಾಲಿನಲ್ಲೇ ಕಿರೀಟ ಮಾಡುವವರು, ಹೂವು ಕಟ್ಟುವವರು, ಬಣ್ಣ ಬಳಿಯುವವರು, ಬಟ್ಟೆ ಒಗೆಯುವವರನ್ನೂ ಎಣಿಸುತ್ತದೆ. ಬಿಕ್ಕೋಡಿಗೆ ಹತ್ತಿರದ ಬೇಲೂರಿನಲ್ಲೇ ಇನ್ನೊಂದು ನಿದರ್ಶನವಿದೆ. 1117ರ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣರಂಥ ಶಿಲ್ಪಿಗಳ ಹೆಸರುಗಳನ್ನು ಕೆತ್ತಲಾಗಿದೆ. ಕಟ್ಟಿಸಿದವನ ಕೀರ್ತಿಗೆ ಅದರಿಂದ ಕುಂದು ಬರಲಿಲ್ಲ. ತಂದೆಯ ಕಸಬು ಮಗನ ಕೈಗೆ ಬಂದದ್ದು ಕಲ್ಲಿನಲ್ಲೇ ದಾಖಲಾಯಿತು. ನಾಟಕದ ಕರಪತ್ರದಲ್ಲಾದರೋ ಪಾತ್ರಧಾರಿಗಳ ಹೆಸರು, ದಾನಿಗಳ ಫೋಟೊ ಎಲ್ಲ ಇದ್ದು, ಸೀನರಿ ಎಂಬಲ್ಲಿ ಮಾಲೀಕರ ಹೆಸರು ಮಾತ್ರ ಇರುತ್ತದೆ. ಹಗ್ಗ ಎಳೆದವರು ಎಲ್ಲೂ ಇಲ್ಲ.

ಸಂಸಾರದ ಮಾತು ಬಂದಾಗ ವೃತ್ತಿ ಕಂಪನಿಗಳನ್ನು ನೆನೆಯಲೇಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ ಕುರುಕ್ಷೇತ್ರ ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತರುವಷ್ಟು ದೊಡ್ಡದಾಗಿತ್ತು. ಅಂಥ ಕಂಪನಿ ಊರಿಂದೂರಿಗೆ ಕ್ಯಾಂಪು ಹಾಕುವಾಗ ಅಡುಗೆಮನೆಯೂ ಜೊತೆಗೇ ಹೊರಡುತ್ತಿತ್ತು. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ ಎಂಬ ತೊಡಕಿಗೆ ಅದು ತಕ್ಕಮಟ್ಟಿನ ಪರಿಹಾರ. ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ಮುಂದೆ ಡಾ. ರಾಜ್‌ಕುಮಾರ್ ಆದ ಹುಡುಗ, ಬೆಳೆದದ್ದು ಕಂಪನಿಯ ನೆರಳಿನಲ್ಲೇ. ಮನೆ ಬಿಟ್ಟು ಬಂದ ಬಾಲಕ ಬಿ.ವಿ. ಕಾರಂತರಿಗೂ ಗುಬ್ಬಿ ಕಂಪನಿ ಆಸರೆಯಾಯಿತು. ಮುಂದೆ ಅವರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ಪರದೆ ಎಳೆಯುವವರ ಮಕ್ಕಳಿಗೆಲ್ಲ ಆ ಭಾಗ್ಯವಿರಲಿಲ್ಲ. ಕ್ಯಾಂಪು ಎದ್ದಾಗಲೆಲ್ಲ ಶಾಲೆ ತಪ್ಪುತ್ತಿತ್ತು. ಕಲೆಕ್ಷನ್ ಬೀಳದ ಊರಿನಲ್ಲಿ ಸಂಬಳವೂ ತಪ್ಪುತ್ತಿತ್ತು.

ಈಗಿನ ಸೀನರಿ ಬಾಡಿಗೆಯ ಪದ್ಧತಿಯಲ್ಲಿ ಮಕ್ಕಳ ಶಾಲೆ ಉಳಿಯಿತು, ಮನೆಯೂ ಒಂದು ಕಡೆ ನಿಂತಿತು. ಆದರೆ ದುಡಿಮೆ ಬೇಸಿಗೆಯ ಕೆಲವೇ ತಿಂಗಳಿಗೆ ಕುಗ್ಗಿತು. ಮುಂಗಾರು ಹಿಡಿದರೆ ಮಲೆನಾಡಿನ ಅಂಚಿನಲ್ಲಿ ಬಯಲು ನಾಟಕ ಸಾಧ್ಯವಿಲ್ಲ. ಆಗ ತೋಟದ ಕೂಲಿಯೋ ಗಾರೆ ಕೆಲಸವೋ ಗತಿ. ಬೂಸಲು ಹಿಡಿಯದಂತೆ, ಇಲಿ ಕಡಿಯದಂತೆ ಪರದೆಗಳನ್ನು ಕಾಪಾಡುವುದು, ಹರಿದದ್ದನ್ನು ಹೊಲಿಯುವುದು ಮನೆಯ ಹೆಂಗಸರ ಪಾಲಿಗೂ ಬರುವ ಕೆಲಸ. ಅದಕ್ಕೆ ಕೂಲಿ ಕಟ್ಟುವವರು ಕಡಿಮೆ. ಬಿಕ್ಕೋಡು ಸುತ್ತಿನ ಕಾಫಿ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ನಸುಕಿನಲ್ಲಿ ಸೀನರಿ ಬಿಚ್ಚಿ ಹೊರಡುವ ಗಂಡಸರು ಮನೆ ಸೇರುವವರೆಗೆ ಮನೆಯವರಿಗೆ ನಿದ್ದೆಯಿಲ್ಲ.

ಇಂಥವರನ್ನು ಸಂಸಾರಕ್ಕೂ ಕೆಲಸಕ್ಕೂ ಜೀವ ತೇಯ್ದವರು ಎಂದು ಹೊಗಳುವುದು ರೂಢಿ. ಹೊಗಳಿಕೆ ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಅನ್ಯಾಯ. ಹೆಂಡತಿ ಮಕ್ಕಳಿಗಾಗಿಯೇ ಅವರು ರಾತ್ರಿಗಳನ್ನು ರಂಗಕ್ಕೆ ಕೊಡುತ್ತಾರೆ. ಆ ರಾತ್ರಿಗಳಲ್ಲಿ ಮನೆಯವರ ಮೇಲಿನ ಪ್ರೀತಿ ಕಾಣಿಸುವುದು ದೂರವಿರುವುದರಲ್ಲೇ. ಅದನ್ನು ತ್ಯಾಗ ಎಂದು ಕರೆದುಬಿಟ್ಟರೆ ಕೂಲಿ, ವಿಮೆಗಳ ಮಾತು ಹಿಂದೆ ಸರಿಯುತ್ತದೆ. ಕಬ್ಬಿಣದ ಕಂಬ, ಬರಿಗಾಲು, ಇಬ್ಬನಿಗೆ ನೆನೆದ ನೆಲ, ಅಲ್ಲಲ್ಲಿ ಸುತ್ತಿದ ಕರೆಂಟಿನ ತಂತಿ ಇರುವಲ್ಲಿ ಅಪಾಯ ಪ್ರತಿ ರಾತ್ರಿಯದು.

ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ. ನಾಟಕ ಅಕಾಡೆಮಿಯೂ ನೇಪಥ್ಯದವರನ್ನು ಗೌರವಿಸಿದ್ದುಂಟು. ತೊಡಕಿರುವುದು ಕಲಾಸೇವೆಗೆ ದಾಖಲೆ ತೋರಿಸುವಲ್ಲಿ. ನಟನ ಬಳಿ ಕರಪತ್ರ, ವೇಷದ ಫೋಟೊ ಇರುತ್ತವೆ, ಪರದೆ ಎಳೆದವರ ಬಳಿ ಏನೂ ಇರುವುದಿಲ್ಲ. ಇದಕ್ಕೆ ಸರ್ಕಾರದ ಆದೇಶವನ್ನೇ ಕಾಯಬೇಕಿಲ್ಲ. ನಾಟಕ ಆಡಿಸುವ ಊರಿನ ಸಮಿತಿ ಕರಪತ್ರದ ಸೀನರಿ ಸಾಲಿನಲ್ಲಿ ಮಾಲೀಕರ ಜೊತೆ ಕೆಲಸಗಾರರ ಹೆಸರನ್ನೂ ಅಚ್ಚು ಹಾಕಿಸಬಹುದು, ಬಾಡಿಗೆ ಮಾತಾಡುವಾಗ ಆ ರಾತ್ರಿಯ ಅಪಘಾತ ವಿಮೆಯನ್ನೂ ಸೇರಿಸಬಹುದು. ಹಾಗೆ ಅಚ್ಚಾದ ಹಾಳೆಗಳನ್ನು ಜೋಪಾನ ಮಾಡಿಟ್ಟರೆ ಮುಂದೆ ಮಾಸಾಶನದ ಅರ್ಜಿಗೆ ಅವೇ ದಾಖಲೆ.