ಹಿತ್ತಲ ಮಾತು: ಕಲ್ಲುನೆಲಕ್ಕೆ ಒಗ್ಗುವ ಹೂಗಳು

“ನಮ್ಮ ಸೊಸೈಟಿಯ ಅಂಗಳದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು, ಅಲ್ಲಿ ಏನು ಬೆಳೆದೀತು?” ಎಂಬ ಮಾತು ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮವರ ಬಾಯಲ್ಲಿ ಆಗಾಗ ಬರುತ್ತದೆ. ಮಾತು ಸುಳ್ಳಲ್ಲ. ಈ ಸೀಮೆಯ ನೆಲದಡಿ ಇರುವುದು ಕರಿಗಲ್ಲು. ಅದರ ಮೇಲಿನ ತೆಳುಮಣ್ಣಿಗೆ ಕಟ್ಟಡದವರು ಬಿಟ್ಟುಹೋದ ಇಟ್ಟಿಗೆಚೂರೂ ಸೇರಿರುತ್ತದೆ. ವರ್ಷದ 2000 ಮಿಲಿಮೀಟರಿಗೂ ಮಿಕ್ಕ ಮಳೆ ಬಹುಮಟ್ಟಿಗೆ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ, ಮುಂದೆಲ್ಲ ಒಣಗಾಲ.

ಆದರೂ ಇದೇ ಕಲ್ಲಿನ ಮೇಲೆ ಠಾಣೆಯ ಯೇವೂರು ಗುಡ್ಡ ಹೂ ಬಿಡುತ್ತದಲ್ಲವೆ? ಅಲ್ಲಿಯ ಕಾರ್ವಿ ಗಿಡ ಏಳು ವರ್ಷ ಬರಿಯ ಎಲೆಯಲ್ಲಿದ್ದು ಎಂಟನೆಯ ವರ್ಷ ಹೂ ತಳೆಯುತ್ತದೆ. 2008, 2016, 2024ರಲ್ಲಿ ಗುಡ್ಡವೆಲ್ಲ ನೇರಳೆಯಾಗಿತ್ತು. ಹೂ ಬಿಟ್ಟ ಗಿಡ ಬೀಜ ಕಟ್ಟಿ ಸಾಯುತ್ತದೆ; ಒಣಗಿದ ಕಾಯಿಗಳು ಬೇಸಗೆಯನ್ನು ಕಳೆದು, ಮುಂದಿನ ಮಳೆ ತಾಕಿದೊಡನೆ ಚಟಪಟನೆ ಸಿಡಿಯುತ್ತವೆ. ಕಾರ್ವಿ ರಾಷ್ಟ್ರೀಯ ಉದ್ಯಾನದ ಸೊತ್ತು. ನೋಡಿ ಸಂತೋಷಪಡೋಣ, ಬೀಜವನ್ನಾಗಲಿ ಗಿಡವನ್ನಾಗಲಿ ಅಲ್ಲಿಂದ ತರಕೂಡದು.

ಅದೇ ಕುಟುಂಬಕ್ಕೆ ಸೇರಿದ ಎರಡು ಗಿಡಗಳು ನಮ್ಮ ಊರ ಹಿತ್ತಲಲ್ಲೇ ಇವೆ: ಗೋರಂಟೆ ಮತ್ತು ಅಬ್ಬಲಿಗೆ. ಘಟ್ಟದ ಮೇಲಿನವರಿಗೆ ಅಬ್ಬಲಿಗೆಯೇ ಕನಕಾಂಬರ. ಮರಾಠಿ ನೆರೆಯವರು ಇವನ್ನು ಕೋರಾಂಟಿ, ಅಬೋಲಿ ಎನ್ನುತ್ತಾರೆ, ಹೆಸರಿನಲ್ಲೇ ನೆಂಟಸ್ತಿಕೆಯಿದೆ. ಇವೆರಡೂ ಒಮ್ಮೆ ಬೇರೂರಿದರೆ ಹಲವು ವರ್ಷ ಬಾಳುತ್ತವೆ. ಹಳದಿ ಹೂವಿನ ಮುಳ್ಳುಗೋರಂಟೆಗೆ ಬಿರುಬಿಸಿಲೂ ಕಲ್ಲುನೆಲವೂ ಹಿತ; ಅಬ್ಬಲಿಗೆಗೆ ಗೋಡೆಯ ಅರೆನೆರಳು ಬೇಕು, ಬೇಸಗೆಯಲ್ಲಿ ತುಸು ನೀರೂ ಬೇಕು.

ಬೀಜ ಹಿಡಿಯುವುದಕ್ಕೆ ಒಂದು ಉಪಾಯವುಂಟು. ತೆನೆ ಕಂದಾಗಿ ಒಣಗಿದಾಗ, ಮಳೆಗೆ ಮುಂಚೆ ಕೊಯ್ದು ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೂಸಲು ಹಿಡಿದೀತು. ಬಿತ್ತುವ ದಿನ ಅಬ್ಬಲಿಗೆಯ ತೆನೆಗೆ ನೀರು ಚಿಮುಕಿಸಿ ತೆಳುಬಟ್ಟೆ ಮುಚ್ಚಿರಿ. ಕಾಯಿಗಳು ಸಿಡಿದು ಬೀಜ ಬಟ್ಟೆಯೊಳಗೇ ಉದುರುತ್ತದೆ. ಮಕ್ಕಳಿಗೆ ಇದೊಂದು ದೊಡ್ಡ ಆಟ.

ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಬಿತ್ತಬೇಕು. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಒಂದು ಹಿಡಿ ಹಳೆಯ ಗೊಬ್ಬರ ಸಾಕು. ಬೀಜ ಕಾಣದಷ್ಟೇ ಮಣ್ಣು ಮುಚ್ಚಿ, ಮೇಲೆ ಸಣ್ಣ ಜಲ್ಲಿ ಹರಡಿರಿ; ಇಲ್ಲದಿದ್ದರೆ ಜಡಿಮಳೆ ಬೀಜವನ್ನೆಲ್ಲ ಚರಂಡಿಗೆ ಒಯ್ಯುತ್ತದೆ. ನೀರು ನಿಲ್ಲುವ ಜಾಗ ಬೇಡ. ಮೊಳೆಯಲು ಎರಡು ಮೂರು ವಾರ ಹಿಡಿದರೆ ಅವಸರಪಟ್ಟು ಕೆದಕಬಾರದು. ಮೊದಲ ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆ ನೀರು ಕೊಡಿ. ಬೇರು ಕಲ್ಲಿನ ಸಂದಿಗೆ ಇಳಿದ ಮೇಲೆ ಗೋರಂಟೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಗೌರಿ ಹೂವನ್ನೂ ಕೆಲವರು ಆಸೆಪಡುತ್ತಾರೆ. ಚೆಂದವೇನೋ ಹೌದು, ಆದರೆ ಅದರ ಗಡ್ಡೆ, ಬೀಜ ಎಲ್ಲವೂ ಘೋರ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಅದು ಸಲ್ಲದು.

ನರ್ಸರಿಯಿಂದಲೇ ಕನಕಾಂಬರ ತರಬಹುದಲ್ಲ ಎಂದು ಕೇಳುವಿರಿ. ತರಬಹುದು. ಆದರೆ ಹೆಚ್ಚಾಗಿ ಮಾರುವ ‘ಡೆಲ್ಲಿ ಕನಕಾಂಬರ’ ಬೀಜ ಕಟ್ಟದ ತಳಿ. ಕಡ್ಡಿ ನೆಟ್ಟೇ ಬೆಳೆಸಬೇಕು. ಬೀಜ ಬೇಕಾದರೆ ಊರಿನ ಹಳೆಯ ಗಿಡವೇ ಗತಿ. ಆ ಗಿಡಗಳಿಗೆ ಈಗ ಕಾಲ ಒದಗಿದೆ. ಹಿರಿಯರು ಮಕ್ಕಳೊಡನೆ ಇರಲು ಇಲ್ಲಿಗೆ ಬರುತ್ತಾರೆ, ಊರ ಮನೆಗೆ ಬೀಗ ಬೀಳುತ್ತದೆ. ನೀರೆರೆಯುವ ಕೈ ಇಲ್ಲದೆ ಎರಡು ಬೇಸಗೆಯಲ್ಲಿ ಅಂಗಳ ಬರಿದಾಗುತ್ತದೆ. ಮನೆಯನ್ನು ಮುಂದೆಂದಾದರೂ ತೆರೆಯಬಹುದು, ಅಳಿದ ತಳಿಯನ್ನು ತರಲಾದೀತೆ?

ಮೇ ತಿಂಗಳಲ್ಲಿ ಊರಿಗೆ ಹೋದವರು ಮತ್ಸ್ಯಗಂಧ ಗಾಡಿಯಲ್ಲಿ ಹಪ್ಪಳ, ಕುಚ್ಚಲಕ್ಕಿ ಹೊತ್ತು ಠಾಣೆಗೋ ಪನವೇಲಿಗೋ ಬಂದಿಳಿಯುತ್ತೀರಷ್ಟೆ. ಬಿತ್ತನೆಯ ಕಾಲವೂ ಅದೇ. ಈ ಸಲ ಆ ಚೀಲದಲ್ಲಿ ಬೀಜದ ಪೊಟ್ಟಣವೊಂದಕ್ಕೆ ಜಾಗವಿರಲಿ. ಪೊಟ್ಟಣದ ಮೇಲೆ ಊರ ಹೆಸರನ್ನೂ ಗಿಡ ನೆಟ್ಟ ಅಜ್ಜಿಯ ಹೆಸರನ್ನೂ ಕನ್ನಡದಲ್ಲಿ ಬರೆದಿಡಿ. ಮಿಕ್ಕಿದ್ದನ್ನು ಸಂಘದ ಮುಂದಿನ ಕೂಟಕ್ಕೆ ತಂದರೆ ಹಂಚಿಕೊಳ್ಳೋಣ.